ಮೇಲ್ಮನೆಗೆ ಬೇಕಾದ ಸಹಿ

ಬಾಗಿಲು ತೆರೆದವನ ಕೈಯಲ್ಲಿ ಕೆಂಪು ಬಕೆಟ್ ಇತ್ತು.

ಬ್ರಯನಿಯ ಕೈಯಲ್ಲಿ ಪಾರ್ಕಿನ್ ಕೇಕಿನ ಡಬ್ಬ. ಬೆಳಿಗ್ಗೆ ಎದ್ದು ತಾನೇ ಮಾಡಿದ್ದು. ಶುಂಠಿ ಸ್ವಲ್ಪ ಜಾಸ್ತಿಯಾಗಿತ್ತು.

"ನಾನು ಬ್ರಯನಿ ಹಾರ್ಸ್‌ಫಾಲ್. ನಿಮ್ಮ ಮೇಲ್ಮನೆ ಕೊಳ್ತಾ ಇದ್ದೀನಿ. ಒಂದ್ಸಲ ಮಾತಾಡಿಸಿ ಹೋಗೋಣ ಅಂತ..."

ಅವನು ಅವಳನ್ನು ನೋಡಿದ. ಡಬ್ಬವನ್ನು ನೋಡಿದ. ಆಮೇಲೆ ಬಕೆಟ್ಟನ್ನು ಮುಂದೆ ಚಾಚಿದ. ಡಬ್ಬವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಅವಳು ಅದನ್ನು ಹಿಡಿಯಲೇಬೇಕಾಯಿತು. ಇಲ್ಲದಿದ್ದರೆ ನೀರು ಅವಳ ಬೂಟಿನ ಮೇಲೆ ಬೀಳುತ್ತಿತ್ತು.

"ತಗೊಳ್ಳಿ. ಇದು ನಿಮ್ಮದು."

"ಏನಿದು?"

"ನಿಮ್ಮ ಛಾವಣಿ ನೀರು. ನಿಮ್ಮ ನೆಲ ದಾಟಿ ನನ್ನ ಮನೇಲಿ ಬೀಳುತ್ತೆ. ಐದು ವರ್ಷ ನಾನು ಚೆಲ್ಲಿದ್ದೀನಿ. ಇನ್ಮೇಲೆ ನೀವು ಚೆಲ್ಲಿ."

ಬಾಗಿಲು ಮುಚ್ಚಿತು.

ಬ್ರಯನಿ ನೀರನ್ನು ಚರಂಡಿಗೆ ಚೆಲ್ಲಿದಳು. ಬಕೆಟ್ಟನ್ನು ಅವನ ಹೊಸ್ತಿಲ ಮುಂದೆ ಬೋರಲು ಹಾಕಿದಳು. ಕೇಕನ್ನು ಮಾತ್ರ ಬಿಡಲಿಲ್ಲ. ಅದನ್ನು ವಾಪಸ್ ಒಯ್ದು, ಮೂರು ದಿನ, ಒಬ್ಬಳೇ ತಿಂದಳು.

ಥಾರ್ಕ್ಲಫ್ ಊರಿನಲ್ಲಿ ಮನೆಗಳ ಮೇಲೆ ಮನೆಗಳಿವೆ. ಗುಡ್ಡ ಅಷ್ಟು ಕಡಿದು. ಕೆಳಮನೆಯ ಬಾಗಿಲು ಕೆಳಗಿನ ಬೀದಿಗೆ, ಮೇಲ್ಮನೆಯ ಬಾಗಿಲು ಬೆನ್ನ ಹಿಂದಿನ ಮೇಲಿನ ಬೀದಿಗೆ. ಛಾವಣಿ ಒಬ್ಬರದು, ಬುನಾದಿ ಇನ್ನೊಬ್ಬರದು. ನೂಲಿನ ಮಿಲ್ಲುಗಳ ಕಾಲದಲ್ಲಿ ಕಟ್ಟಿದವರು ಕಟ್ಟಿ ಹೋದರು. ಯಾರು ಯಾರಿಗೆ ಏನು ಮಾಡಿಕೊಡಬೇಕೆಂದು ಬರೆದಿಡಲಿಲ್ಲ.

ಬ್ರಯನಿಗೆ ಮೂವತ್ಮೂರು ವರ್ಷ. ಹುಟ್ಟಿದಾಗಿನಿಂದ ಹನ್ನೊಂದು ಬಾಡಿಗೆ ಮನೆ ಬದಲಿಸಿದ್ದಳು. ಅಮ್ಮನ ಜೊತೆ ಎಂಟು, ಒಬ್ಬಳೇ ಮೂರು. ಹನ್ನೊಂದು ಸಲವೂ ಯಾರೋ ಒಬ್ಬರು ಕೈಚಾಚಿ ಬೀಗದ ಕೈ ವಾಪಸ್ ಕೇಳಿದ್ದರು. ಹನ್ನೊಂದನೆಯದಾದ ಈಗಿನ ಮನೆಯ ಮಾಲೀಕನೂ ಮೇ ತಿಂಗಳೊಳಗೆ ಬಿಡಲು ಹೇಳಿದ್ದ.

ಕೀಲಿ ಯಾರೂ ವಾಪಸ್ ಕೇಳದ ಒಂದು ಮನೆ... ಅಷ್ಟೇ ಅವಳಿಗೆ ಬೇಕಾಗಿದ್ದುದು. ಹೊಸ ಅಡುಗೆಮನೆ ಬೇಡ, ತೋಟ ಬೇಡ. ಆ ಬೆಲೆಗೆ ಕಣಿವೆಯಲ್ಲಿ ಉಳಿದಿದ್ದುದು ಆ ಮೇಲ್ಮನೆ ಒಂದೇ.

ಅವಳು ಬಸ್ ಡ್ರೈವರ್. ಕಣಿವೆಯ ತಳದಿಂದ ಮೇಲಿನ ಕಲ್ಲುಗಣಿಯವರೆಗೆ, ದಿನಕ್ಕೆ ಆರು ಸುತ್ತು.

ಸೋಮವಾರ ಬೆಳಿಗ್ಗೆ ಆರು ಐವತ್ತಕ್ಕೆ ಫೌಂಡ್ರಿ ಬೀದಿಯ ಸ್ಟಾಪಿನಲ್ಲಿ ಬಾಗಿಲು ತೆರೆದಾಗ, ಹತ್ತಿದವನು ಬಕೆಟ್ಟಿನವನೇ.

ಎರಡು ವರ್ಷದಿಂದ ಅವನನ್ನು ಗಣಿಗೆ ಒಯ್ಯುತ್ತಿದ್ದಳು. ಹೋಗುವಾಗ ಟೋಪಿ, ಬರುವಾಗ ಮೈತುಂಬ ಕಲ್ಲಿನ ಪುಡಿ. ಮುಖ ನೋಡಿರಲಿಲ್ಲ. ಅವನೂ ಸಮವಸ್ತ್ರವನ್ನು ಬಿಟ್ಟು ಬೇರೇನೂ ನೋಡಿರಲಿಲ್ಲ. ಈಗ ಇಬ್ಬರೂ ನೋಡಿದರು.

"ನೀವಾ," ಎಂದ ಅವನು.

"ಪಾಸು ತೋರಿಸಿ," ಎಂದಳು ಅವಳು.

ಇಳಿಯುವಾಗ ಡ್ರೈವರಿಗೆ ಥ್ಯಾಂಕ್ಸ್ ಹೇಳದವರು ಆ ಕಣಿವೆಯಲ್ಲಿಲ್ಲ. ಕುಡಿದವನೂ ಹೇಳುತ್ತಾನೆ, ಜಗಳ ಮಾಡಿಕೊಂಡು ಇಳಿಯುವ ಗಂಡ ಹೆಂಡತಿಯೂ ಹೇಳುತ್ತಾರೆ. ಎರಡು ವರ್ಷ ಅವನೂ ಹೇಳಿದ್ದ, ನೆಲ ನೋಡಿಕೊಂಡು. ಅಂದು ಹೇಳಲಿಲ್ಲ. ಗಣಿಯ ಗೇಟಿನತ್ತ ನಡೆದೇ ಹೋದ.

ಬೆನ್ನಿಗೂ ಅಷ್ಟು ಸಿಟ್ಟು ಇರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

ಮನೆ ತೋರಿಸಿದ ಬ್ರೋಕರ್ ಕಾಗದಪತ್ರ ನೋಡಿಕೊಳ್ಳುವ ಒಂದು ವಕೀಲರ ಕಂಪನಿಯನ್ನೂ ತೋರಿಸಿದ್ದ. ನಮ್ಮವರೇ, ಬೇರೆಯವರ ಅರ್ಧ ಫೀಸು, ಎಲ್ಲ ಆನ್‌ಲೈನ್ ಎಂದಿದ್ದ. ಕಂಪನಿ ಯಾವುದೋ ದೂರದ ನಗರದಲ್ಲಿತ್ತು. ಕಾಸಿಗೆ ತಕ್ಕ ಕಜ್ಜಾಯ. ಪ್ರತಿ ಸಲ ಫೋನ್ ಮಾಡಿದಾಗಲೂ ಬೇರೆ ದನಿ, ಪ್ರತಿ ದನಿಗೂ ಮೊದಲಿನಿಂದ ಹೇಳಬೇಕು.

ಆ ವಾರ ಒಂದು ದನಿಗೆ ಅವಳು ಮಾತಿನ ನಡುವೆ ಹೇಳಿಬಿಟ್ಟಳು, ಕೆಳಮನೆಯವನನ್ನು ಮಾತಾಡಿಸಲು ಹೋಗಿದ್ದೆ ಎಂದು.

ಆ ದನಿ ಏರಿತು.

"ಅವರ ಜೊತೆ ಮಾತಾಡಿದ್ರಾ?"

ಮನೆಗೆ ಬೆಂಕಿ ಇಟ್ಟಿರಾ ಎಂದು ಕೇಳಿದ ಹಾಗಿತ್ತು.

ವಿಷಯ ಇಷ್ಟು. ಮೇಲಿನವರಿಗೂ ಕೆಳಗಿನವರಿಗೂ ನಡುವೆ ಕರಾರಿಲ್ಲದ ಮನೆಗೆ ಬ್ಯಾಂಕು ಸಾಲ ಕೊಡುವುದಿಲ್ಲ. ಅದಕ್ಕೆ ಸುಲಭದ ದಾರಿ ಒಂದು ವಿಮೆ. ಮುಂದೆ ತಕರಾರು ಬಂದರೆ ವಿಮೆಯವರು ತುಂಬಿಕೊಡುತ್ತಾರೆ. ಆದರೆ ಅವರದು ಒಂದೇ ಷರತ್ತು. ಆ ಇನ್ನೊಬ್ಬ ಮಾಲೀಕನ ಹತ್ತಿರ ಯಾರೂ ಹೋಗಿರಬಾರದು, ಏನೂ ಆಡಿರಬಾರದು. ಮಲಗಿದವನನ್ನು ಎಬ್ಬಿಸಿದರೆ ವಿಮೆ ಇಲ್ಲ.

ಅವಳು ಕೇಕು ಮಾಡಿಕೊಂಡು ಹೋಗಿ ಎಬ್ಬಿಸಿದ್ದಳು.

ಕಂಪನಿ ಕಳಿಸಿದ ಪತ್ರದ ಹದಿನಾಲ್ಕನೇ ಪುಟದಲ್ಲಿ ಹೀಗೆ ಮಾಡಬಾರದೆಂದು ಬರೆದಿತ್ತಂತೆ. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು. ಅವಳ ಪಾಲಿಗೆ ಮಾತೂ ತೂತೂ ಎರಡೂ ಸೇರಿ ಬಂದಿದ್ದವು.

ಈಗ ಉಳಿದ ದಾರಿ ಒಂದೇ. ಡೀನ್ ಬಾರಕ್ಲಫ್ ಎಂಬ ಆ ಬಕೆಟ್ಟಿನವನು ಒಂದು ಕರಾರುಪತ್ರಕ್ಕೆ ಸಹಿ ಹಾಕಬೇಕು.

ಮುಂದಿನದ್ದನ್ನು ನಾವು ನೋಡಿಕೊಳ್ಳುತ್ತೇವೆ ಎಂದಿತು ದನಿ. ಆಮೇಲೆ ಮೂರು ವಾರ ಯಾವ ದನಿಯೂ ಬರಲಿಲ್ಲ.

ಬಂದಿದ್ದು ಡೀನ್. ಒಂದು ಬೆಳಿಗ್ಗೆ ಬಸ್ ಹತ್ತಿ, ಅವಳ ಕಡೆ ಬಗ್ಗಿ, ತಣ್ಣಗೆ ಹೇಳಿದ:

"ಏಳು ದಿನ ಅಂತಲ್ಲ? ನೋಡ್ತಾ ಇರಿ."

ಏನು ಏಳು ದಿನ? ಅವಳಿಗೆ ಅರ್ಥವಾಗಲಿಲ್ಲ. ಕೇಳುವಷ್ಟರಲ್ಲಿ ಅವನು ಹಿಂದಿನ ಸೀಟಿಗೆ ಹೋಗಿದ್ದ. ಕನ್ನಡಿಯಲ್ಲಿ ಅವನ ಟೋಪಿ ಮಾತ್ರ ಕಾಣುತ್ತಿತ್ತು.

ಮುಂದಿನ ಸೀಟಿನಲ್ಲಿದ್ದ ಐರಿಸ್ ಅಜ್ಜಿಗೆ ಮಾತ್ರ ಎಲ್ಲವೂ ಕೇಳಿಸಿತ್ತು. ಐರಿಸ್ ಗ್ರೇಟೊರೆಕ್ಸ್, ಎಂಬತ್ತೊಂದು ವರ್ಷ. ಮಿಲ್ಲಿನಲ್ಲಿ ನೂಲು ಸುತ್ತಿದವಳು. ಈಗ ಬಸ್ಸಿನ ಉಚಿತ ಪಾಸಿನಲ್ಲಿ ದಿನವಿಡೀ ಕಣಿವೆ ಸುತ್ತುತ್ತಾಳೆ, ಮನೆಗಿಂತ ಬಸ್ಸು ಬೆಚ್ಚಗಿರುತ್ತದೆ ಎಂದು.

"ಯಾರನ್ನ ಇಟ್ಕೊಂಡಿದ್ದೀಯೆ ವಕೀಲಿಗೆ?" ಎಂದು ಕೇಳಿದಳು.

ಬ್ರಯನಿ ಹೇಳಿದಳು.

"ಅವರ ಮುಖ ನೋಡಿದ್ದೀಯಾ?"

"ಇಲ್ಲ."

"ಮುಖ ನೋಡದೆ ಮೊಟ್ಟೇನೂ ಕೊಳ್ಳಲ್ಲ ಕಣೇ ನಾನು. ಮೀನಂಗಡಿ ಮೇಲೆ ಮಿಸೆಸ್ ಲಮ್ ಇದ್ದಾಳೆ, ಅಲ್ಲಿಗೆ ಹೋಗು. ಬಾಯಿ ಕತ್ತರಿ. ಆದ್ರೆ ಫೋನು ಎತ್ತುತ್ತಾಳೆ."

ಮಿಸೆಸ್ ಲಮ್‌ಗೆ ಅರವತ್ತು ದಾಟಿತ್ತು. ಕೋಣೆಯ ತುಂಬ ಗುಲಾಬಿ ದಾರ ಕಟ್ಟಿದ ಕಡತಗಳು, ಕೆಳಗಿನಿಂದ ಬರುವ ಮೀನಿನ ವಾಸನೆ. ಅವಳು ಬ್ರಯನಿಯ ಕತೆಯನ್ನು ಪೂರ್ತಿ ಕೇಳಿದಳು. ಕನ್ನಡಕ ತೆಗೆದಳು.

"ನನ್ನನ್ನ ಏನೂ ಕೇಳಲ್ವೇನಮ್ಮಾ? ಕೆಳಗೆ ಮೀನು ಕೊಳ್ಳೋರು ಕಿವಿರು ಎತ್ತಿ ನೋಡ್ತಾರೆ."

ಬ್ರಯನಿ ಯೋಚಿಸಿದಳು. "ನನ್ನ ಕಡತ ಯಾರು ನೋಡ್ತಾರೆ?"

"ನಾನೇ."

"ಫೋನ್ ಮಾಡಿದ್ರೆ?"

"ನಾನೇ. ಬುಧವಾರ ಮಧ್ಯಾಹ್ನ ಬಿಟ್ಟು."

"ಈ ಮನೆ ಬೇಡ ಅನ್ನಿಸಿದ್ರೆ ಹೇಳ್ತೀರಾ?"

"ಮೊದಲು ಕೇಳಬೇಕಾದ ಪ್ರಶ್ನೆ ಅದು," ಎಂದಳು ಮಿಸೆಸ್ ಲಮ್. "ಹೇಳ್ತೀನಿ. ಹೇಳಿದ್ರೆ ನಿನಗೆ ಅಳು ಬರುತ್ತೆ. ಆಗಲೂ ಹೇಳ್ತೀನಿ."

ಹಳೆಯ ಕಂಪನಿಯಿಂದ ಕಡತ ತರಿಸುವುದು ತನ್ನ ಕೆಲಸ ಎಂದಳು. ಬ್ರಯನಿಗೆ ಒಂದೇ ಕೆಲಸ. ಇದು ಮುಗಿಯುವವರೆಗೆ ಆ ಮನುಷ್ಯನ ಜೊತೆ ಒಂದು ಮಾತೂ ಆಡಕೂಡದು.

"ಅವರು ದಿನಾ ನನ್ನ ಬಸ್ಸಲ್ಲೇ ಬರ್ತಾರೆ."

"ಬಾಯಿ ಮುಚ್ಚಿಕೊಂಡು ಓಡಿಸು."

ಬ್ರಯನಿ ಓಡಿಸಿದಳು. ದಿನಾ ಆರು ಐವತ್ತಕ್ಕೆ ಬಾಗಿಲು ತೆರೆಯುತ್ತಿತ್ತು. ಅವನು ಹತ್ತುತ್ತಿದ್ದ. ಅವಳು ರಸ್ತೆ ನೋಡುತ್ತಿದ್ದಳು. ಕೊನೆಯ ಸ್ಟಾಪಿನಲ್ಲಿ ಅವನು ಇಳಿಯುತ್ತಿದ್ದ. ಥ್ಯಾಂಕ್ಸ್ ಇಲ್ಲ. ಒಂದು ದಿನ ಅವನು ಓಡಿಬರುವುದು ಕನ್ನಡಿಯಲ್ಲಿ ಕಂಡಿತು. ಅವಳ ಕಾಲು ಬ್ರೇಕಿನ ಮೇಲೆ ಹೋಯಿತು, ತೆಗೆಯಬಹುದಿತ್ತು, ತೆಗೆಯಲಿಲ್ಲ. ಅವನು ಏದುಸಿರು ಬಿಡುತ್ತ ಹತ್ತಿ, ಅವಳನ್ನು ಕಾಯಿಸಿದ್ದಕ್ಕೇ ಅವಳ ಮೇಲೆ ಸಿಟ್ಟು ಬಂದವನಂತೆ ಪಾಸನ್ನು ಯಂತ್ರಕ್ಕೆ ಬಡಿದ.

ಬಡಿಯಲಿ, ಎಂದುಕೊಂಡಳು. ಯಂತ್ರ ಬಸ್ ಕಂಪನಿಯದು.

ಎರಡು ವಾರದ ಮೇಲೆ ಕಡತ ಬಂತು. ಮಿಸೆಸ್ ಲಮ್ ಅದರಿಂದ ಡೀನ್‌ಗೆ ಹೋಗಿದ್ದ ಒಂದು ಪತ್ರದ ಪ್ರತಿ ತೆಗೆದು, ಬ್ರಯನಿಯ ಕಡೆ ತಿರುಗಿಸಿ ಮೇಜಿನ ಮೇಲಿಟ್ಟಳು.

ನಮ್ಮ ಕಕ್ಷಿದಾರರಾದ ಮಿಸ್ ಹಾರ್ಸ್‌ಫಾಲ್ ಅವರ ಸೂಚನೆಯ ಮೇರೆಗೆ... ಏಳು ದಿನಗಳೊಳಗೆ ಲಗತ್ತಿಸಿದ ಕರಾರಿಗೆ ಸಹಿ ಮಾಡತಕ್ಕದ್ದು... ಛಾವಣಿಯ ದುರಸ್ತಿಯ ಅರ್ಧ ವೆಚ್ಚ ನಿಮ್ಮದು... ತಪ್ಪಿದಲ್ಲಿ ಮುಂದಿನ ಕ್ರಮ...

ಓದುತ್ತ ಹೋದಂತೆ ಅವಳ ಕಿವಿ ಬಿಸಿಯಾಯಿತು. ಐದು ವರ್ಷ ನೆನೆದವನಿಗೆ, ನೆನೆಸಿದ ಛಾವಣಿಯ ಅರ್ಧ ಖರ್ಚು ಹೊರು ಎಂದು, ಅವಳ ಹೆಸರಿನಲ್ಲಿ.

"ನಾನು ಇಂಥ ಸೂಚನೆ ಕೊಡಲಿಲ್ಲ."

"ಗೊತ್ತು. ಇದು ಅವರ ಅಚ್ಚು. ಹೆಸರು ತುಂಬಿ ಒತ್ತುತ್ತಾರೆ."

"ಅವರಿಗೆ ಹೇಳಬೇಕು."

"ನೀನು ಹೇಳಬೇಡ. ಕರಾರು ಹೇಳುತ್ತೆ. ಹೊಸದು ಬರೀತೀನಿ. ಅವನಿಗೆ ಬೇರೆ ವಕೀಲರು ಬೇಕು, ಆ ಫೀಸು ನೀನು ಕೊಡ್ತೀಯ, ಅದು ವಾಡಿಕೆ. ಈಗ ಹೇಳು, ಒಳಗೆ ಏನು ಬರೆಯಲಿ?"

ಬ್ರಯನಿ ಕಿಟಕಿ ನೋಡಿದಳು. ಛಾವಣಿ ಪೂರ್ತಿ ನನ್ನದು ಎಂದಳು. ಮನೆಗೆ ಬಂದ ಎಂಟು ವಾರದೊಳಗೆ ಸರಿಮಾಡಿಸುತ್ತೇನೆ ಎಂದಳು. ಆಮೇಲೆ, ಆ ಮನೆಯನ್ನು ನೋಡಲು ಹೋದ ದಿನ ಅಡುಗೆಮನೆಯ ಗೋಡೆಯ ಮೇಲೆ ಕಂಡಿದ್ದ ಹಲಗೆ ನೆನಪಾಯಿತು. 'ಅತಿಥಿಗಳಿಗೆ ಸೂಚನೆ: ಹನ್ನೊಂದಕ್ಕೆ ಖಾಲಿ ಮಾಡಿ.'

"ಮೇಲ್ಮನೆಯನ್ನ ರಜೆಗೆ ಬರೋರಿಗೆ ಬಾಡಿಗೆಗೆ ಕೊಡೋ ಹಾಗಿಲ್ಲ. ನಾನೂ, ನನ್ನ ನಂತರದವರೂ. ಅದನ್ನೂ ಬರೀರಿ."

ಮಿಸೆಸ್ ಲಮ್ ಪೆನ್ನು ಕೆಳಗಿಟ್ಟಳು. ಅದರಿಂದ ಮನೆಯ ಬೆಲೆ ಇಳಿಯುತ್ತದೆ, ಮಾರುವಾಗ ಅಳುತ್ತೀಯ ಎಂದು ಎಚ್ಚರಿಸಿದಳು.

"ಮಾರಲ್ಲ."

"ಎಲ್ಲರೂ ಹಾಗೇ ಅಂತಾರೆ. ಎರಡು ದಿನ ಯೋಚನೆ ಮಾಡು."

ಎರಡು ದಿನದ ಮೇಲೂ ಅವಳು ಅದನ್ನೇ ಹೇಳಿದಳು.

ಅಷ್ಟರಲ್ಲಿ ದಿನಗಳು ಕರಗಿದ್ದವು. ಬ್ಯಾಂಕಿನ ಒಪ್ಪಿಗೆಯ ಅವಧಿ ಮುಗಿಯುತ್ತಿತ್ತು. ಏಪ್ರಿಲ್ ಕೊನೆಯ ಮಂಗಳವಾರ ಮಧ್ಯಾಹ್ನ ಹನ್ನೆರಡರೊಳಗೆ ಸಹಿಯಾದ ಕರಾರು ಮಿಸೆಸ್ ಲಮ್ ಕೈಯಲ್ಲಿರಬೇಕು. ಇಲ್ಲದಿದ್ದರೆ ಸಾಲ ಇಲ್ಲ. ಮಾರುವವನಿಗೂ ಕಾಯುವ ಮನಸ್ಸಿರಲಿಲ್ಲ. ರಜೆಮನೆ ನಡೆಸುವ ಕಂಪನಿಯೊಂದು ಪೂರ್ತಿ ಹಣ ಹಿಡಿದು ನಿಂತಿತ್ತು.

ಆ ಮಂಗಳವಾರಕ್ಕೆ ಐದು ದಿನ ಮೊದಲು ಡೀನ್ ಹಿಂದಿನ ಸೀಟಿಗೆ ಹೋಗಲಿಲ್ಲ. ಕೈಯಲ್ಲಿ ಕರಾರಿನ ಪ್ರತಿ ಹಿಡಿದು ಅವಳ ಪಕ್ಕದ ಕಂಬಕ್ಕೆ ಆತು ನಿಂತ.

"ಇದರಲ್ಲಿ ಮೋಸ ಎಲ್ಲಿದೆ?"

ಅವಳು ತಲೆಯ ಮೇಲಿನ ಫಲಕವನ್ನು ಬೆರಳಲ್ಲಿ ತೋರಿಸಿದಳು. 'ಬಸ್ ಚಲಿಸುವಾಗ ಡ್ರೈವರ್ ಜೊತೆ ಮಾತನಾಡಬಾರದು.'

ಅವನು ಓದಿದ. ಇಪ್ಪತ್ತೈದು ನಿಮಿಷ, ಎಲ್ಲ ತಿರುವುಗಳಲ್ಲೂ, ಕಂಬ ಬಿಡದೆ ಹಾಗೇ ನಿಂತಿದ್ದ. ಐರಿಸ್ ಅಜ್ಜಿ ತನ್ನ ಸ್ಟಾಪು ಬಂದಾಗ ಇಳಿಯಲು ಮನಸ್ಸಿಲ್ಲದೆ ಇಳಿದಳು.

ಗಣಿಯ ಗೇಟಿನ ಮುಂದೆ ಬ್ರಯನಿ ಎಂಜಿನ್ ಆರಿಸಿದಳು. ಬಸ್ಸಿನಲ್ಲಿ ಬೇರೆ ಯಾರೂ ಇರಲಿಲ್ಲ.

"ನಿಮ್ಮ ಜೊತೆ ಮಾತಾಡಬಾರದು ಅಂತ ನನ್ನ ವಕೀಲರು ಹೇಳಿದ್ದಾರೆ."

"ಹಾಗಾದ್ರೆ ಕೇಳಿಸಿಕೊಳ್ಳಿ."

ಅವನು ಹೇಳಿದ. ದನಿ ಏರಿಸಲಿಲ್ಲ. ಅಪ್ಪ ಕೊನೆಯ ಎರಡು ಚಳಿಗಾಲ ಎದ್ದು ಓಡಾಡಲಾಗದೆ ಮುಂದಿನ ಕೋಣೆಯಲ್ಲಿ ಮಲಗಿದ್ದ. ಮಂಚ ಎಲ್ಲಿಗೆ ಎಳೆದರೂ ನೀರು ಅಲ್ಲಿಗೆ ಬರುತ್ತಿತ್ತು. ಪಕ್ಕದಲ್ಲೇ ಬಕೆಟ್ಟು. ಅಪ್ಪ ಹನಿ ಎಣಿಸುತ್ತಿದ್ದ, ಸಾವಿರ ಆದರೆ ಮಗನನ್ನು ಕರೆಯುತ್ತಿದ್ದ, ಚೆಲ್ಲಲು. ಮೇಲಿನ ಮಾಲೀಕನಿಗೆ ಒಂಬತ್ತು ಪತ್ರ ಬರೆದರು. ಉತ್ತರವಿಲ್ಲ. ಮೇಲೆ ವಾರಕ್ಕೊಮ್ಮೆ ಬೇರೆ ಬೇರೆ ಜನ, ಬೇರೆ ಬೇರೆ ನಗು.

"ಅಪ್ಪನ ಉಸಿರು ನಿಂತ ಬೆಳಿಗ್ಗೆ ತಲೆ ಮೇಲೆ ಸೂಟ್‌ಕೇಸ್ ಎಳೀತಿದ್ರು. ಗಡಗಡ ಗಡಗಡ. ಹನ್ನೊಂದಕ್ಕೆ ಖಾಲಿ ಮಾಡಬೇಕಿತ್ತಂತೆ." ಅವನು ಕರಾರನ್ನು ಮಡಚಿದ. "ಆಮೇಲೆ ನೀವು ಕೇಕು ತಂದ್ರಿ. ಅದಾದ ಮೇಲೆ ಏಳು ದಿನ ಅಂತ ಪತ್ರ."

"ಆ ಪತ್ರ ನಾನು ಬರೆಸಿದ್ದಲ್ಲ. ನೋಡಿದ್ದೇ ಮೊನ್ನೆ ಮೊನ್ನೆ."

"ನಿಮ್ಮ ಹೆಸರಿತ್ತು."

"ಹೆಸರಿತ್ತು. ನಾನಿರಲಿಲ್ಲ."

"ಎಲ್ಲರೂ ಹೀಗೇ. ಪತ್ರ ವಕೀಲರದು, ಛಾವಣಿ ಹಳೇ ಮಾಲೀಕನದು, ಮಳೆ ದೇವರದು. ನಿಮ್ಮದು ಅಂತ ಏನೂ ಇರಲ್ಲ."

ಅವಳಿಗೂ ಸಾಕಾಗಿತ್ತು. ಏಳು ವಾರ ಬಾಯಿ ಮುಚ್ಚಿಕೊಂಡು ಓಡಿಸಿದ ಸಿಟ್ಟು ಅದು.

"ಸಹಿ ಹಾಕಬೇಡಿ, ಬಿಡಿ. ಸೂಟ್‌ಕೇಸಿನವರೇ ಕೊಳ್ತಾರೆ. ಅವರಿಗೆ ಬ್ಯಾಂಕ್ ಸಾಲ ಬೇಡ, ನಿಮ್ಮ ಸಹಿನೂ ಬೇಡ. ಬಕೆಟ್ ತಗೊಂಡು ಹೋಗಿ, ಅವರ ಕೈಗೆ ಕೊಡಿ. ಬಾಗಿಲಿಗೆ ಯಾರೂ ಬರಲ್ಲ. ನಾನು ಬಂದಿದ್ದೆ."

ಅವನು ಕರಾರನ್ನು ಜೇಬಿಗೆ ತುರುಕಿದ. ಇಳಿದು ಹೋದ.

ಮಾತಾಡಿಬಿಟ್ಟೆ ಎಂದು ಬ್ರಯನಿ ಫೋನಿನಲ್ಲಿ ಒಪ್ಪಿಕೊಂಡಾಗ ಮಿಸೆಸ್ ಲಮ್ ಮೊದಲು ಬೈದಳು. ಆಮೇಲೆ, ಮಂಗಳವಾರ ಸಹಿ ಬರದಿದ್ದರೆ ಈ ಮನೆ ಬಿಟ್ಟುಬಿಡು, ಇದೇ ನನ್ನ ಸಲಹೆ ಎಂದಳು. ಬ್ರಯನಿಗೆ ಅಳು ಬಂತು. ಮಿಸೆಸ್ ಲಮ್ ಕಾದಳು, ಫೋನು ಇಡಲಿಲ್ಲ.

ಮಂಗಳವಾರ ಬೆಳಿಗ್ಗೆ ಆರು ಐವತ್ತಕ್ಕೆ ಅವನು ಎಂದಿನಂತೆ ಹತ್ತಿದ, ಎಂದಿನಂತೆ ಇಳಿದ. ಅವನ ಮುಖದಲ್ಲಿ ಏನೂ ಓದಲಾಗಲಿಲ್ಲ.

ಮುಗಿಯಿತು, ಎಂದುಕೊಂಡಳು. ಹನ್ನೆರಡನೆಯ ಬಾಡಿಗೆ ಮನೆ.

ಹನ್ನೊಂದು ಗಂಟೆಯ ಸುತ್ತಿಗೆ ಪೇಟೆಯ ಸ್ಟಾಪಿನಲ್ಲಿ ಬಾಗಿಲು ತೆರೆದಾಗ ಮಿಸೆಸ್ ಲಮ್ ನಿಂತಿದ್ದಳು. ಕೊಡೆ, ತರಕಾರಿ ಚೀಲ. ಆಫೀಸಿನ ಹೊರಗೆ ಅವಳನ್ನು ಬ್ರಯನಿ ನೋಡಿದ್ದು ಅದೇ ಮೊದಲು.

"ಗಣಿಗೆ ಒಂದು ಟಿಕೆಟ್. ರಸ್ತೆ ನೋಡಿಕೊಂಡು ಓಡಿಸು. ಮಾತು ಬೇಡ."

ಹಿಂದಿನ ಸಂಜೆ ಡೀನ್ ಸಹಿ ಮಾಡಿದ ಕರಾರನ್ನು ಅವಳ ಆಫೀಸಿನ ಬಾಗಿಲ ಸಂದಿಯಲ್ಲಿ ತೂರಿಸಿ ಹೋಗಿದ್ದ. ಆದರೆ ಅಡುಗೆಮನೆಯಲ್ಲಿ ಒಬ್ಬನೇ ಕೂತು ಸಹಿ ಮಾಡಿದ್ದ. ಸಾಕ್ಷಿಯ ಜಾಗ ಖಾಲಿ. ಸಹಿ ಬೀಳುವುದನ್ನು ಇನ್ನೊಬ್ಬರು ಕಣ್ಣಾರೆ ನೋಡದಿದ್ದರೆ ಅಂಥ ಪತ್ರಕ್ಕೆ ಬೆಲೆಯೇ ಇಲ್ಲ. ಗಣಿಯ ಮೇಲೆ ಫೋನು ಹತ್ತುವುದಿಲ್ಲ. ಹಾಗಾಗಿ ಮಿಸೆಸ್ ಲಮ್ ಹೊಸ ಪ್ರತಿಯನ್ನು ಆಲೂಗಡ್ಡೆಯ ಪಕ್ಕದಲ್ಲಿಟ್ಟುಕೊಂಡು ಹೊರಟಿದ್ದಳು. ಇಷ್ಟನ್ನೂ ಅವಳು ಹೇಳಿದ್ದು ಬ್ರಯನಿಗಲ್ಲ, ಮುಂದಿನ ಸೀಟಿನ ಐರಿಸ್ ಅಜ್ಜಿಗೆ, ಬ್ರಯನಿಗೆ ಕೇಳಿಸುವಷ್ಟು ಗಟ್ಟಿಯಾಗಿ.

ಸಹಿ ಮಾಡಿದ್ದಾನೆ... ಬ್ರಯನಿ ಗೇರು ಬದಲಿಸಿದಳು. ಮಾಡಿದ್ದೂ ಮಾಡದ ಹಾಗೇ ಆಗಿದೆ.

ಕೊನೆಯ ಸ್ಟಾಪಿನಲ್ಲಿ ಬಸ್ಸು ನಿಲ್ಲುವುದು ಏಳು ನಿಮಿಷ. ಮಿಸೆಸ್ ಲಮ್ ಗೇಟಿನವನ ಹತ್ತಿರ ಹೋಗಿ ಬಾರಕ್ಲಫ್ ಬೇಕು ಎಂದಳು. ನಾಲ್ಕು ನಿಮಿಷ ಹೋಯಿತು. ಡೀನ್ ಬಂದ, ಹುಬ್ಬಿನವರೆಗೂ ಬಿಳಿ ಪುಡಿ. ವಿಷಯ ಕೇಳಿದ. ಮುಖ ಕಲ್ಲಾಯಿತು.

"ಒಂದ್ಸಲ ಹಾಕಿದೆ. ಮತ್ತೆ ಹಾಕಬೇಕಾ? ಇವರ ಬಸ್ಸಿನೊಳಗೆ?"

"ಮಳೆ ಬರ್ತಿದೆ ಕಣಪ್ಪ. ಹೊರಗೆ ಹಾಕಿದ್ರೆ ಶಾಯಿ ಹರಡುತ್ತೆ," ಎಂದಳು ಮಿಸೆಸ್ ಲಮ್.

ಅವನು ಮೆಟ್ಟಿಲ ಮೇಲೆಯೇ ನಿಂತ. ಬ್ರಯನಿಯನ್ನು ನೋಡಿದ.

"ನನ್ನ ವಕೀಲರು ಒಂದು ಮಾತು ಹೇಳಿದ್ರು. ಕೊಳ್ಳೋಳು ತನ್ನ ಕೈ ತಾನೇ ಕಟ್ಟಿಕೊಂಡಿದ್ದು ಮೂವತ್ತು ವರ್ಷದಲ್ಲಿ ನೋಡಿಲ್ಲ ಅಂತ. ಆ ರಜೆಮನೆ ಷರತ್ತು. ಅದು ಯಾರು ಹಾಕಿಸಿದ್ದು? ಅವರಾ, ನೀವಾ?"

"ಉತ್ತರ ಕೊಡಬೇಡ," ಎಂದಳು ಮಿಸೆಸ್ ಲಮ್.

"ನಾನು," ಎಂದಳು ಬ್ರಯನಿ.

"ಯಾಕೆ?"

"ಅಡುಗೆಮನೆಯಲ್ಲಿ ಹಲಗೆ ಇತ್ತು. ಹನ್ನೊಂದಕ್ಕೆ ಖಾಲಿ ಮಾಡಿ ಅಂತ. ನನಗೆ ಹನ್ನೊಂದು ಸಲ ಹೇಳಿದ್ದಾರೆ ಆ ಮಾತು. ಆ ಮನೇಲಿ ಇನ್ಯಾರಿಗೂ ಹೇಳೋದು ಬೇಡ ಅನ್ನಿಸ್ತು."

ಮಳೆ ಬಸ್ಸಿನ ತಗಡಿನ ಮೇಲೆ ಬೀಳುತ್ತಿತ್ತು. ಒಳಗೆ ಒಂದು ಹನಿಯೂ ಇರಲಿಲ್ಲ. ಅವನು ಕೈ ಒರೆಸಿಕೊಂಡ. ಪೆನ್ನು ತೆಗೆದುಕೊಂಡ.

ಸಾಕ್ಷಿ ಯಾರು ಎಂಬ ಪ್ರಶ್ನೆ ಬಂತು. ಬ್ರಯನಿ ಆಗಲಾರಳು, ಕರಾರು ಅವಳದೇ. ತಾನೂ ಆಗುವುದಿಲ್ಲ, ತಾನು ಅವಳ ಕಡೆಯವಳು ಎಂದಳು ಮಿಸೆಸ್ ಲಮ್. ಐರಿಸ್ ಅಜ್ಜಿ ಆಗಲೇ ಕನ್ನಡಕ ಹಾಕಿಕೊಂಡಾಗಿತ್ತು.

"ಒಂದು ಮಾತು," ಎಂದ ಡೀನ್, ಕಾಗದದ ಮೇಲೆ ಬಗ್ಗಿಕೊಂಡೇ. "ನೀರು ನಿಲ್ಲಲಿ ಅಂತ ಹಾಕ್ತಿದ್ದೀನಿ. ಇವರಿಗೋಸ್ಕರ ಅಲ್ಲ."

"ಸರಿ ಕಣಪ್ಪ," ಎಂದಳು ಐರಿಸ್ ಅಜ್ಜಿ. "ಅದನ್ನೂ ಬರೀಬೇಕೇನೇ ಲಮ್ಮೀ? ಇವಳಿಗೋಸ್ಕರ ಅಲ್ಲವಂತೆ."

"ಹೆಸರು, ವಿಳಾಸ, ಉದ್ಯೋಗ. ಅಷ್ಟೇ ಬರಿ."

ಉದ್ಯೋಗದ ಜಾಗದಲ್ಲಿ ಅಜ್ಜಿ 'ಬಸ್ ಪ್ರಯಾಣಿಕಳು' ಎಂದು ಬರೆದಳು. ಮಿಸೆಸ್ ಲಮ್ ಅದನ್ನು ಹೊಡೆದು 'ನಿವೃತ್ತೆ' ಎಂದು ಬರೆಸಿದಳು. ಬಸ್ಸು ಮೂರು ನಿಮಿಷ ತಡವಾಗಿ ಹೊರಟಿತು. ಬ್ರಯನಿಯ ಬಾಳಿನಲ್ಲಿ ಮೊದಲ ಸಲ. ಹನ್ನೆರಡಕ್ಕೆ ಐದು ನಿಮಿಷವಿದ್ದಾಗ ಮಿಸೆಸ್ ಲಮ್ ಪೇಟೆಯಲ್ಲಿ ಇಳಿದು, ಥ್ಯಾಂಕ್ಸ್ ಡ್ರೈವರ್ ಎಂದಳು.

ಶುಕ್ರವಾರ ಕೀಲಿ ಕೈಗೆ ಬಂತು. ಮನೆ ಬಂದ ಮಾತ್ರಕ್ಕೆ ಜಗಳ ಹೋಗಲಿಲ್ಲ.

ಅವಳ ಮೊದಲ ಪಾಳಿ ಐದೂವರೆಗೆ. ನಾಲ್ಕೂವರೆಗೆ ಎದ್ದು ಬೂಟು ಹಾಕಿ ನಡೆದರೆ ಕೆಳಗಿನಿಂದ ಪೊರಕೆಯ ಹಿಡಿಯಿಂದ ಮೂರು ಗುದ್ದು. ಅವಳು ಹಿಮ್ಮಡಿಯಿಂದ ಮೂರು ಗುದ್ದು ವಾಪಸ್ ಕೊಡುತ್ತಿದ್ದಳು. ಹತ್ತು ದಿನ ಹೀಗೆ ನಡೆಯಿತು. ಆಮೇಲೆ, ಮೇಲಿನ ಸದ್ದು ಕೇಳುತ್ತ ಸತ್ತ ಒಬ್ಬ ಮುದುಕ ನೆನಪಾಗಿ, ಅವಳು ಬೂಟನ್ನು ಕೈಯಲ್ಲಿ ಹಿಡಿದು ಬಾಗಿಲವರೆಗೆ ಕಾಲ್ಚೀಲದಲ್ಲೇ ನಡೆಯತೊಡಗಿದಳು.

ಛಾವಣಿಗೆ ಕರೆಸಿದ ಕೆಲಸದವನು ಕಲ್ಲುಹೆಂಚುಗಳನ್ನು ತಲೆಕೆಳಗಾಗಿ ಜೋಡಿಸುತ್ತಿದ್ದ. ಬೀದಿಯಲ್ಲಿ ನಿಂತು ಡೀನ್ ಹೊತ್ತು ಮುಳುಗುವವರೆಗೂ ಬೈದ. ಮರುದಿನ ಶನಿವಾರ ತಾನೇ ಏಣಿ ಹಾಕಿ ಹತ್ತಿದ. ಅವಳು ಕಲ್ಲು ಎತ್ತಿ ಕೊಟ್ಟಳು. ಎರಡು ವಾರಾಂತ್ಯ, ಕೆಳಗೆ ಇಡೀ ಕಣಿವೆ, ಮಧ್ಯೆ ಅವರಿಬ್ಬರು. ಕೊಡಿ, ಅದಲ್ಲ, ದೊಡ್ಡದು, ಹಿಡ್ಕೊಳ್ಳಿ. ಅಷ್ಟೇ ಮಾತು. ಎರಡನೇ ಭಾನುವಾರ ಅವಳ ಬೆರಳು ಕಲ್ಲಿಗೆ ಸಿಕ್ಕಿ ರಕ್ತ ಬಂದಾಗ ಅವನು ತನ್ನ ಕರವಸ್ತ್ರ ಸುತ್ತಿ ಕಟ್ಟಿದ. ಗಂಟು ಬಿಗಿಯಾಯಿತೇ ಎಂದು ಕೇಳಲಿಲ್ಲ. ಆದರೆ ಗಂಟು ಹಾಕಿದ ಮೇಲೂ ಕೈ ಬಿಡಲು ಮರೆತ.

ಬೇಸಿಗೆ ಕಳೆಯಿತು. ಅಕ್ಟೋಬರಿನಲ್ಲಿ ಮೂರು ದಿನ ಬಿಡದೆ ಮಳೆ ಸುರಿಯಿತು. ನಾಲ್ಕನೆಯ ದಿನ, ಭಾನುವಾರ ಮಧ್ಯಾಹ್ನ, ಮೇಲಿನ ಬೀದಿಯ ಬಾಗಿಲು ಬಡಿದ ಸದ್ದಾಯಿತು.

ಡೀನ್ ನಿಂತಿದ್ದ. ಕೈಯಲ್ಲಿ ಕೆಂಪು ಬಕೆಟ್.

ಬ್ರಯನಿ ತಲೆಯೆತ್ತಿ ಛಾವಣಿ ನೋಡಿದಳು. ಮತ್ತೆ ಸೋರಿತೇ...

"ಇದು ನಿಮ್ಮದು," ಎಂದ.

ಅವಳು ಎರಡೂ ಕೈಯಲ್ಲಿ ಹಿಡಿದಳು. ಭಾರವೇ ಇರಲಿಲ್ಲ. ಬಗ್ಗಿ ನೋಡಿದಳು, ತಳಕ್ಕೆ ಬೆರಳು ಹಚ್ಚಿದಳು. ಬೆರಳಿಗೆ ಧೂಳು ಬಂತು.

"ಇದರಲ್ಲಿ ಏನೂ ಇಲ್ಲ."

"ಇಲ್ಲ."

ಹೋಗುತ್ತಾನೆ ಎಂದುಕೊಂಡಳು. ಅವನು ಹೋಗಲಿಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡಿದ.

"ನಿದ್ದೆ ಬರ್ತಿಲ್ಲ ನನಗೆ," ಎಂದ. "ಅಪ್ಪ ಹೋದ ಮೇಲೆ ಆ ಹನಿ ಸದ್ದೊಂದು ಇತ್ತು ಮನೇಲಿ. ಅದನ್ನ ಬೈಕೊಂಡು ಮಲಗ್ತಿದ್ದೆ. ಈಗ ಅದೂ ಇಲ್ಲ."

"ಅದಕ್ಕೂ ನಂದೇ ತಪ್ಪಾ?"

"ಹೌದು." ಅವನು ನಗಲಿಲ್ಲ. "ನೀವು ಬೂಟು ಬಿಟ್ಟು ನಡೀತೀರಿ. ಏನೂ ಕೇಳಿಸಲ್ಲ. ಎದ್ರೋ ಇಲ್ವೋ, ಇದ್ದೀರೋ ಇಲ್ವೋ, ಗೊತ್ತಾಗಲ್ಲ. ಬಸ್ಸು ಬರೋವರೆಗೆ ಕಾಯಬೇಕು, ನಿಮ್ಮ ಮುಖ ಕಂಡ ಮೇಲೆ ಸಮಾಧಾನ." ಟೋಪಿಯ ಅಂಚನ್ನು ಹಿಂಡಿದ. "ಬೂಟು ಹಾಕ್ಕೊಂಡು ನಡೀರಿ, ಬ್ರಯನಿ."

ಅವನ ಬಾಯಲ್ಲಿ ತನ್ನ ಹೆಸರನ್ನು ಅವಳು ಕೇಳಿದ್ದು ಅದೇ ಮೊದಲು.

ಅವಳು ಬಕೆಟ್ಟನ್ನು ಬಾಗಿಲ ಹಿಂದೆ ಇಟ್ಟಳು. ವಾಪಸ್ ಕೊಡಲಿಲ್ಲ.

"ಒಳಗೆ ಬನ್ನಿ. ಪಾರ್ಕಿನ್ ಇದೆ. ಶುಂಠಿ ಜಾಸ್ತಿಯಾಗಿದೆ."

"ಗೊತ್ತು. ಅವತ್ತೇ ವಾಸನೆ ಬಂದಿತ್ತು."

"ಅವತ್ತು ತಗೋಬಹುದಿತ್ತಲ್ಲ?"

"ಕೈ ಖಾಲಿ ಇರಲಿಲ್ಲ," ಎಂದ ಡೀನ್.

ಸೋಮವಾರ ನಾಲ್ಕೂವರೆಗೆ ಬ್ರಯನಿ ಬೂಟು ಹಾಕಿಕೊಂಡಳು. ಲೇಸು ಬಿಗಿದಳು. ಕೋಣೆಯ ಈ ತುದಿಯಿಂದ ಆ ತುದಿಗೆ, ಅವಸರವಿಲ್ಲದೆ, ಒಂದೊಂದೇ ಹೆಜ್ಜೆ ಇಟ್ಟು ನಡೆದಳು.

ಕೆಳಗಿನಿಂದ ಗುದ್ದು ಬರಲಿಲ್ಲ.

ಆರು ಐವತ್ತಕ್ಕೆ ಅವನು ಹತ್ತಿ ಮುಂದಿನ ಸೀಟಿನಲ್ಲಿ ಕೂತ, ಐರಿಸ್ ಅಜ್ಜಿಯ ಪಕ್ಕ. ಫಲಕ ತಲೆಯ ಮೇಲೆ ಇದ್ದುದರಿಂದ ಇಪ್ಪತ್ತೈದು ನಿಮಿಷ ಯಾರೂ ಮಾತಾಡಲಿಲ್ಲ. ಗಣಿಯ ಗೇಟಿನಲ್ಲಿ ಬಾಗಿಲು ತೆರೆಯಿತು. ಅವನು ಮೆಟ್ಟಿಲ ಮೇಲೆ ನಿಂತ.

"ಥ್ಯಾಂಕ್ಸ್," ಎಂದ.

"ಯಾತಕ್ಕೆ? ದಿನಾ ಕರ್ಕೊಂಡು ಬರ್ತೀನಲ್ಲ."

"ಬೂಟಿನ ಸದ್ದು ಕೇಳಿಸ್ತು," ಎಂದ ಡೀನ್.